ಜಪಸರ ಕೊಳ್ಳುವ ಮುನ್ನ: ದಿನದ ಕೈಗೆ ಯಾವುದು, ಗೋಡೆಯ ಮೊಳೆಗೆ ಯಾವುದು

ಕಥೋಲಿಕ ಧರ್ಮಸಭೆ ತನ್ನವರ ಮೇಲೆ ಹೊರಿಸಿರುವ ಕಟ್ಟಳೆಗಳು ಐದೇ ಐದು. ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಬಲಿಪೂಜೆ (ಮಾಸ್), ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ, ಪಾಸ್ಖ (ಈಸ್ಟರ್) ಕಾಲದಲ್ಲಾದರೂ ಪರಮಪ್ರಸಾದ, ನಿಗದಿಯಾದ ದಿನಗಳಲ್ಲಿ ಉಪವಾಸ ಮತ್ತು ಮಾಂಸವರ್ಜನೆ, ಧರ್ಮಸಭೆಯ ಅಗತ್ಯಗಳಿಗೆ ಕೈಲಾದ ನೆರವು. ಇವು ಇಷ್ಟಕ್ಕಿಂತ ಕಡಿಮೆಯಾಗಬಾರದು ಎನ್ನುವ ಗೆರೆ ಮಾತ್ರ ಎಂದು ಧರ್ಮೋಪದೇಶ ಗ್ರಂಥವೇ (2041ರಿಂದ 2043ನೇ ಪರಿಚ್ಛೇದ) ಹೇಳುತ್ತದೆ. ಈ ಪಟ್ಟಿಯಲ್ಲಿ ಜಪಸರ, ಅಂದರೆ ಮಣಿ ಎಣಿಸುತ್ತಾ ಯೇಸುವಿನ ತಾಯಿ ಮರಿಯ ಮಾತೆಯನ್ನು ಪ್ರಾರ್ಥಿಸುವ ರೋಸರಿ, ಇಲ್ಲ. ಒಂದು ದಿನ ಹೇಳದಿದ್ದರೆ ಯಾರೂ ಕೇಳುವುದಿಲ್ಲ, ಅದು ಪಾಪನಿವೇದನೆಯಲ್ಲಿ ಒಪ್ಪಿಕೊಳ್ಳಬೇಕಾದ ತಪ್ಪೂ ಅಲ್ಲ. ಕಟ್ಟಳೆಯ ಒತ್ತಾಸೆ ಇಲ್ಲದ ಭಕ್ತಿ ಅಭ್ಯಾಸದ ಬಲದಿಂದಲೇ ನಿಲ್ಲಬೇಕು. ಆ ಅಭ್ಯಾಸ ಎಷ್ಟೋ ಸಲ ಮುರಿದುಬೀಳುವುದು ತೀರಾ ಸಣ್ಣ ಕಾರಣಕ್ಕೆ: ಕೊಂಡಿ ಬಿಚ್ಚಿಕೊಂಡಿತು, ಜೇಬಿನಲ್ಲಿ ಸಿಕ್ಕುಬಿತ್ತು, ಕತ್ತಲಲ್ಲಿ ಮಣಿ ಸಿಗಲಿಲ್ಲ. ಹಾಗಾಗಿ ಜಪಸರವನ್ನು ಒಂದು ಉಪಕರಣ ಎಂದೇ ನೋಡಿ ತೂಗುವುದರಲ್ಲಿ ಅಗೌರವವೇನೂ ಇಲ್ಲ.

ಮೊದಲು ಲೆಕ್ಕ. ಐದು ರಹಸ್ಯಗಳ (ಯೇಸು ಮತ್ತು ಮಾತೆಯ ಬಾಳಿನಿಂದ ಧ್ಯಾನಕ್ಕೆ ಆರಿಸಿದ ಘಟನೆಗಳ) ಸಾಮಾನ್ಯ ಜಪಸರದಲ್ಲಿ 59 ಮಣಿಗಳಿರಬೇಕು. ಶಿಲುಬೆಯಿಂದ ಪದಕದವರೆಗಿನ ಬಾಲದಲ್ಲಿ ಐದು (ಒಂದು ದೊಡ್ಡದು, ಮೂರು ಸಣ್ಣವು, ಮತ್ತೊಂದು ದೊಡ್ಡದು), ಸುತ್ತಿನಲ್ಲಿ 54. ಆ 54ರಲ್ಲಿ ಐವತ್ತು ‘ನಮೋ ಮರಿಯಾ’ ಮಣಿಗಳು (ಹತ್ತರ ಐದು ಗುಂಪು), ನಾಲ್ಕು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಮಣಿಗಳು. ಐದು ಗುಂಪಿಗೆ ನಾಲ್ಕೇ ದೊಡ್ಡ ಮಣಿ ಯಾಕೆ ಎಂದು ಹೊಸಬರು ತಬ್ಬಿಬ್ಬಾಗುವುದುಂಟು. ಮೊದಲ ಗುಂಪಿನ ಪರಲೋಕ ಪ್ರಾರ್ಥನೆಯನ್ನು ಬಾಲದ ಕೊನೆಯ ದೊಡ್ಡ ಮಣಿಯ ಮೇಲೆ ಹೇಳುತ್ತಾರೆ. ಕೆಲವರು ಪದಕವನ್ನೇ ಹಿಡಿದು ಹೇಳುತ್ತಾರೆ, ಅದರಲ್ಲೂ ತಪ್ಪಿಲ್ಲ.

ಅಂಗಡಿಯಲ್ಲೇ ನಿಂತು ಎಣಿಸಿ, ನಾಚಿಕೆ ಬೇಡ. ರಾಶಿ ರಾಶಿಯಾಗಿ ಕೈಯಲ್ಲಿ ಪೋಣಿಸುವ ಅಗ್ಗದ ಸರಗಳಲ್ಲಿ ಒಂದು ಗುಂಪಿಗೆ ಒಂಬತ್ತು, ಇನ್ನೊಂದಕ್ಕೆ ಹನ್ನೊಂದು ಬಂದಿರುವುದು ಅಪರೂಪವೇನಲ್ಲ. ನೋಡುವುದಕ್ಕೆ ಗೊತ್ತಾಗುವುದಿಲ್ಲ. ಆದರೆ ದಿನಾ ಮೂರನೇ ರಹಸ್ಯದಲ್ಲಿ ಏನೋ ಎಡವಿದಂತಾಗುತ್ತಿದ್ದರೆ ಕಾರಣ ಅದೇ. ಎಣಿಸುವ ಸುಲಭ ವಿಧಾನ ಇದು: ಎರಡು ಗುಂಪುಗಳನ್ನು ಅಕ್ಕಪಕ್ಕ ಜೋಡಿಸಿ ಹಿಡಿಯಿರಿ, ದೊಡ್ಡ ಮಣಿಗಳು ಒಂದಕ್ಕೊಂದು ಸರಿಯಾಗಿ ಕೂತರೆ ಎರಡೂ ಸಮ. ಆಮೇಲೆ ಒಂದು ಗುಂಪನ್ನು ಮಾತ್ರ ಎಣಿಸಿದರೆ ಸಾಕು.

ಇದೇ ಕಪಾಟಿನಲ್ಲಿ ಬೇರೆ ಸರಗಳೂ ತೂಗುತ್ತಿರುತ್ತವೆ. ಏಳೇಳು ಮಣಿಯ ಏಳು ಗುಂಪಿದ್ದರೆ ಅದು ಮಾತೆಯ ಏಳು ವ್ಯಾಕುಲಗಳ ಸರ. ಹತ್ತರ ಏಳು ಗುಂಪಿದ್ದರೆ ಫ್ರಾನ್ಸಿಸ್ಕನ್ನರದು. ಏಳರ ನಾಲ್ಕು ಗುಂಪು, ಒಟ್ಟು 33 ಮಣಿ ಇದ್ದರೆ ಆಂಗ್ಲಿಕನ್ನರದು. ಮೂರೂ ಒಳ್ಳೆಯವೇ, ಆದರೆ ನಿಮಗೆ ಬೇಕಾದದ್ದು ಅವಲ್ಲ. ದೈವಕರುಣೆಯ ಜಪಕ್ಕೆ ಮಾತ್ರ ಬೇರೆ ಸರ ಕೊಳ್ಳಬೇಕಿಲ್ಲ. ಸಂತ ಫೌಸ್ಟೀನಾ 1935ರಲ್ಲಿ ಬರೆದಿಟ್ಟ ಆ ಪ್ರಾರ್ಥನೆ ಇದೇ 59 ಮಣಿಯ ಸರದ ಮೇಲೆಯೇ ನಡೆಯುತ್ತದೆ.

ಇನ್ನು ಜೋಡಣೆ. ಸರದ ಆಯಸ್ಸು ನಿರ್ಧಾರವಾಗುವುದು ಇಲ್ಲಿ, ಮಣಿಯಲ್ಲಲ್ಲ.

ಸರಪಳಿಯ ಜಪಸರದಲ್ಲಿ ಪ್ರತಿ ಮಣಿಯ ತೂತಿನೊಳಗೆ ಒಂದು ಗಟ್ಟಿ ತಂತಿ ಹೋಗಿರುತ್ತದೆ. ತಂತಿಯ ಎರಡೂ ತುದಿಯನ್ನು ಬಗ್ಗಿಸಿ ಪುಟ್ಟ ಕಣ್ಣು ಮಾಡಿರುತ್ತಾರೆ, ಪಕ್ಕದ ಕೊಂಡಿ ಆ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಸರವನ್ನು ಬೆಳಕಿಗೆ ಹಿಡಿದು ಒಂದು ಕಣ್ಣನ್ನು ಹತ್ತಿರದಿಂದ ನೋಡಿ. ಅಗ್ಗದ ಸರದಲ್ಲಿ ತಂತಿ ಕೊಕ್ಕೆಯಂತೆ ಬಾಗಿ ತನ್ನ ಬುಡಕ್ಕೆ ತಾಗಿ ನಿಂತಿರುತ್ತದೆ ಅಷ್ಟೇ. ತಾಗಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಉಗುರಿನ ತುದಿ ಅಲ್ಲಿ ಸಿಕ್ಕಿಕೊಂಡರೆ ಆ ಕಣ್ಣು ಒಂದಲ್ಲ ಒಂದು ದಿನ ತೆರೆದುಕೊಳ್ಳುವುದು ಖಚಿತ. ಒಳ್ಳೆಯ ಸರದಲ್ಲಿ ತಂತಿ ಕಣ್ಣು ಮಾಡಿಕೊಂಡು ಹಿಂತಿರುಗಿ ತನ್ನದೇ ಕುತ್ತಿಗೆಗೆ ಎರಡು ಮೂರು ಸುತ್ತು ಸುತ್ತಿಕೊಂಡಿರುತ್ತದೆ. ಮಣಿಯ ಎರಡೂ ಬದಿಗೆ ಸಣ್ಣ ಸುರುಳಿಯಂತೆ ಕಾಣುವುದು ಅದೇ. ಇದನ್ನು ಎಳೆದರೆ ಸುತ್ತು ಬಿಗಿಯುತ್ತದೆಯೇ ಹೊರತು ಬಿಚ್ಚಿಕೊಳ್ಳುವುದಿಲ್ಲ. ಪ್ರತಿ ಮಣಿಗೂ ಎರಡು ಕಡೆ ಕೈಯಲ್ಲೇ ಸುತ್ತಬೇಕಾದ್ದರಿಂದ ದುಬಾರಿ. ಸರಪಳಿಯೇ ಬೇಕೆನ್ನುವವರು ದುಡ್ಡನ್ನು ಹಾಕಬೇಕಾದದ್ದು ಈ ಸುತ್ತಿಗೆ. ಹರಳಿಗೆ, ಚಿನ್ನದ ಲೇಪಕ್ಕೆ ಹಾಕಿದ ದುಡ್ಡು ಕಣ್ಣಿಗೆ ಮಾತ್ರ.

ಹರಿಯುವ ಜಾಗಗಳೂ ಗೊತ್ತಿರುವಂಥವೇ. ಮೊದಲನೆಯದು ಶಿಲುಬೆಯ ಮೇಲಿನ ಉಂಗುರ. ಜೇಬಿನಿಂದ ಸರ ತೆಗೆಯುವಾಗ ಎಲ್ಲರ ಕೈಗೂ ಮೊದಲು ಸಿಗುವುದು ಶಿಲುಬೆ, ಅದನ್ನೇ ಹಿಡಿದು ಎಳೆಯುತ್ತಾರೆ, ಇಡೀ ಸರದ ಸಿಕ್ಕು ಆ ಒಂದು ಉಂಗುರದ ಮೇಲೆ ಬೀಳುತ್ತದೆ. ಎರಡನೆಯದು ಪದಕ. ಮೂರು ಎಳೆಗಳು ಬಂದು ಸೇರುವ ಜಾಗ ಅದು, ಮೂರೂ ಬೇರೆ ಬೇರೆ ದಿಕ್ಕಿಗೆ ಜಗ್ಗುತ್ತವೆ. ಎರಕದ ಮೆತು ಲೋಹದ ಪದಕವಾದರೆ ಅದರ ತೂತಿನ ಅಂಚೇ ಸವೆದು ಒಂದು ದಿನ ಹಾರಿಹೋಗುತ್ತದೆ, ಅದಕ್ಕೆ ರಿಪೇರಿ ಇಲ್ಲ, ಪದಕವನ್ನೇ ಬದಲಿಸಬೇಕು. ಮೂರನೆಯದು ದೊಡ್ಡ ಮಣಿಗಳ ಅಕ್ಕಪಕ್ಕದ ಬಿಡಿ ಸರಪಳಿ.

ಬಿಚ್ಚಿಕೊಂಡ ಉಂಗುರವನ್ನು ಮನೆಯಲ್ಲೇ ಸರಿಮಾಡಬಹುದು. ಚೂಪು ಮೂತಿಯ ಎರಡು ಇಕ್ಕಳ ಸಾಕು. ಉಂಗುರದ ಬಾಯಿಯನ್ನು ಎಡಕ್ಕೂ ಬಲಕ್ಕೂ ಅಗಲಿಸಬೇಡಿ, ಹಾಗೆ ಮಾಡಿದರೆ ಗುಂಡು ಆಕಾರ ಕೆಟ್ಟು ಮತ್ತೆ ಸರಿಯಾಗಿ ಮುಚ್ಚಿಕೊಳ್ಳುವುದೇ ಇಲ್ಲ. ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಚಿ ತೆರೆಯಿರಿ. ಸೇರಿಸಿದ ಮೇಲೆ ಅದೇ ದಾರಿಯಲ್ಲಿ ವಾಪಸ್ಸು ತಿರುಚಿ. ತುದಿಗಳು ಒಂದಕ್ಕೊಂದು ಉಜ್ಜಿಕೊಂಡು ‘ಟಿಕ್’ ಎಂದು ಕೂತರೆ ಸರಿಯಾಗಿದೆ. ಒಂದೇ ಉಂಗುರವನ್ನು ನಾಲ್ಕಾರು ಸಲ ಹೀಗೆ ತಿರುಚಿದರೆ ಲೋಹ ದಣಿದು ಮುರಿಯುತ್ತದೆ, ಆಗ ಹೊಸದನ್ನೇ ಹಾಕಬೇಕು.

ಗಂಟಿನ ಜಪಸರದ ಬಗ್ಗೆ ನಮ್ಮ ಒಲವನ್ನು ಮುಚ್ಚಿಡುವುದಿಲ್ಲ: ದಿನಬಳಕೆಗೆ ಇದನ್ನು ಮೀರಿಸಿದ್ದು ಇಲ್ಲ. ಹೊಸೆದ ನೈಲಾನ್ ಹುರಿಯ ಮೇಲೆ ಮೂರು ಸುತ್ತಿನ ಗಂಟುಗಳನ್ನೇ ಮಣಿಯಾಗಿ ಹಾಕಿರುವುದು ಒಂದು ಬಗೆ, ಗಂಟುಗಳ ನಡುವೆ ಮರದ ಮಣಿ ಪೋಣಿಸಿರುವುದು ಇನ್ನೊಂದು. ಸದ್ದಿಲ್ಲ, ತೂಕವಿಲ್ಲ, ಬೆವರಿಗೆ ಕೊಳೆಯುವುದಿಲ್ಲ, ಬಟ್ಟೆಯ ಜೊತೆ ಒಗೆದುಹೋದರೂ ಹಾಳಾಗುವುದಿಲ್ಲ. ಹತ್ತಿಯ ದಾರವಾದರೆ ಈ ಮಾತು ಹೇಳಲಾಗದು. ಅದು ಬೆವರು ಕುಡಿದು ಒಳಗೊಳಗೇ ಕೊಳೆತು, ಏನೂ ಮುನ್ಸೂಚನೆ ಕೊಡದೆ ಹರಿಯುತ್ತದೆ. ನೈಲಾನಿನ ಒಂದೇ ದೌರ್ಬಲ್ಯ ಅದರ ನುಣುಪು. ಕೊನೆಯ ಗಂಟು ತಾನಾಗಿಯೇ ಸಡಿಲವಾಗುತ್ತದೆ. ಅದಕ್ಕೇ ತುದಿಯನ್ನು ಬೆಂಕಿಗೆ ತೋರಿಸಿ ಕರಗಿಸಿ ಒತ್ತಿರಬೇಕು. ಕೊಳ್ಳುವಾಗ ಶಿಲುಬೆಯ ಬಳಿಯ ಗಂಟನ್ನು ಮುಟ್ಟಿ ನೋಡಿ. ಸಣ್ಣ ಗಟ್ಟಿ ಉಂಡೆ ಸಿಕ್ಕರೆ ಕರಗಿಸಿದ್ದಾರೆ. ಎಳೆ ಬಿಚ್ಚಿದ ಕುಚ್ಚಿದ್ದರೆ, ಅಥವಾ ಬರೀ ಅಂಟು ಬಳಿದಿದ್ದರೆ, ಮನೆಗೆ ತಂದು ನೀವೇ ಕರಗಿಸಬೇಕು. ಬೆಂಕಿ ಹುರಿಗೆ ತಾಗುವಷ್ಟು ಹತ್ತಿರ ಒಯ್ಯಬೇಡಿ, ಕಾವು ತಗಲಿದರೆ ಸಾಕು.

ಎಲಾಸ್ಟಿಕ್ ದಾರದ ಮಣಿಕಟ್ಟಿನ ಸರ? ಬೇಡ. ಪ್ರತಿ ಸಲ ಹಾಕಿ ತೆಗೆಯುವಾಗ ಹಿಗ್ಗಿ, ಮಣಿಯ ತೂತಿನ ಅಂಚಿಗೆ ಉಜ್ಜಿ, ಕಡೆಗೆ ತುಂಡಾಗುತ್ತದೆ. ಆಗ ಮಣಿಗಳು ನೆಲದ ಮೂಲೆ ಮೂಲೆಗೆ.

ಮಣಿಯ ವಿಷಯದಲ್ಲಿ ಕಣ್ಣಿಗಿಂತ ಬೆರಳನ್ನು ನಂಬಬೇಕು. 8 ಮಿಲಿಮೀಟರ್ ಅಡ್ಡಳತೆ ಹೆಚ್ಚಿನವರ ಕೈಗೆ ಹೊಂದುತ್ತದೆ. 6 ಮಿಲಿಮೀಟರ್ ಮಕ್ಕಳಿಗೆ, ಸಣ್ಣ ಜೇಬಿಗೆ. 4 ಮಿಲಿಮೀಟರಿನದು ಆಭರಣದಂತೆ ಚೆಂದ, ಆದರೆ ಬೆರಳ ನಡುವೆ ಒಂದರ ಬದಲು ಎರಡು ಜಾರುತ್ತವೆ. ಗಂಟುನೋವಿರುವ ಹಿರಿಯರಿಗೆ 10 ಮಿಲಿಮೀಟರಿನ ಮರದ ಮಣಿ ಕೊಡಿಸಿ. ಅವರಿಗೆ ಗಾಜು ಅಥವಾ ಕಲ್ಲು ಬೇಡ ಎನ್ನುವುದಕ್ಕೆ ತೂಕವೇ ಕಾರಣ. 8 ಮಿಲಿಮೀಟರಿನ 59 ಮಣಿಗಳನ್ನು ಲೆಕ್ಕ ಹಾಕಿದರೆ ಮರದವು ಸುಮಾರು 12 ಗ್ರಾಂ, ಗಾಜಿನವು 40 ಗ್ರಾಂ, ಗಟ್ಟಿ ಸ್ಟೀಲಿನವು 120 ಗ್ರಾಂ ದಾಟುತ್ತವೆ. ಇದಕ್ಕೆ ಸರಪಳಿ, ಪದಕ, ಶಿಲುಬೆ ಸೇರಿಸಿಕೊಳ್ಳಿ. ಇಪ್ಪತ್ತು ನಿಮಿಷ ಕೈ ಎತ್ತಿ ಹಿಡಿದಾಗ ಆ ವ್ಯತ್ಯಾಸ ತಿಳಿಯುತ್ತದೆ.

ಗಾಜಿಗೆ ಒಂದು ಗುಣವಿದೆ, ಕೈಗೆ ತಣ್ಣಗಿರುತ್ತದೆ, ತೊಳೆಯುವುದು ಸುಲಭ. ಕಲ್ಲಿನ ನೆಲಕ್ಕೆ ಬಿದ್ದರೆ ಮಾತ್ರ ತೂತಿನ ಅಂಚು ಚಕ್ಕೆ ಏಳುತ್ತದೆ, ಆ ಚಕ್ಕೆಯ ಮೊನೆ ದಾರವನ್ನು ಕೊಯ್ಯುತ್ತದೆ. ಆದ್ದರಿಂದ ಗಾಜಿಗೆ ಸರಪಳಿ ಸರಿ, ದಾರ ಸಲ್ಲದು. ಬಣ್ಣ ಬಳಿದ ಮರ ಬೆವರಿಗೆ ಬಣ್ಣ ಬಿಡುತ್ತದೆ. ಬಣ್ಣವಿಲ್ಲದ ಆಲಿವ್ ಮರ ಕೈಯೆಣ್ಣೆ ಹೀರಿ ವರ್ಷ ಕಳೆದಂತೆ ಕಪ್ಪಾಗಿ ನಯವಾಗುತ್ತದೆ. ಅದನ್ನು ನೀರಿನಲ್ಲಿ ನೆನೆಹಾಕಬೇಡಿ, ಉಬ್ಬಿ ಬಿರಿಯುತ್ತದೆ. ಬೆಳ್ಳಿ ಲೇಪದ ಸರ ಕಪ್ಪಾಯಿತೆಂದು ಪಾಲಿಶ್ ಹಾಕಿ ಉಜ್ಜಿದರೆ ಲೇಪವೇ ಹೋಗಿ ಒಳಗಿನ ಹಿತ್ತಾಳೆ ಕಾಣುತ್ತದೆ, ಆಮೇಲೆ ಕಿಲುಬು. ಬೆರಳಲ್ಲಿ ತುರಿಕೆ, ಕೆಂಪು ಗುರುತು ಕಂಡರೆ ಬಹುಪಾಲು ನಿಕ್ಕಲ್ ಕಾರಣ. ಅಂಥವರು ಮರ ಮತ್ತು ನೈಲಾನಿಗೆ ಬದಲಾಗುವುದು ಒಳ್ಳೆಯದು.

ಬಹಳ ಜನ ಗಮನಿಸದ ಒಂದು ಅಂಶ: ಪರಲೋಕ ಪ್ರಾರ್ಥನೆಯ ಮಣಿ ಮುಟ್ಟಿದ ಕೂಡಲೇ ಬೇರೆ ಎಂದು ತಿಳಿಯಬೇಕು. ಬಣ್ಣ ಮಾತ್ರ ಬೇರೆಯಿದ್ದರೆ ದೀಪ ಆರಿಸಿದ ಮೇಲೆ ಪ್ರಯೋಜನವಿಲ್ಲ. ಅಳತೆ ಬೇರೆಯಿರಬೇಕು, ಇಲ್ಲವೇ ಮೈ ಒರಟಾಗಿರಬೇಕು, ಅದೂ ಇಲ್ಲದಿದ್ದರೆ ಎರಡೂ ಪಕ್ಕ ಬೆರಳಗಲದ ಖಾಲಿ ಸರಪಳಿ ಇರಬೇಕು. ಕಣ್ಣು ಮುಚ್ಚಿ ಸರ ಎಳೆದು ನೋಡಿ. ಗುಂಪು ಮುಗಿದದ್ದು ಗೊತ್ತಾಗದಿದ್ದರೆ ವಾಪಸ್ಸಿಡಿ, ಎಷ್ಟೇ ಚೆಂದವಿರಲಿ.

ಹತ್ತು ಮುಳ್ಳಿನ ಬೆರಳುಂಗುರ ಪ್ರಯಾಣಕ್ಕೆ, ಆಸ್ಪತ್ರೆಯ ಹಾಸಿಗೆಗೆ, ನಿಂತುಕೊಂಡೇ ಕಾಯುವ ಸರದಿಗೆ ಬಹಳ ಒಳ್ಳೆಯದು. ಎಷ್ಟನೇ ರಹಸ್ಯದಲ್ಲಿದ್ದೇವೆ ಎಂಬುದನ್ನು ಅದು ಹೇಳುವುದಿಲ್ಲ. ಒಂದೊಂದು ಸುತ್ತು ಮುಗಿದಾಗ ಉಂಗುರವನ್ನು ಪಕ್ಕದ ಬೆರಳಿಗೆ ದಾಟಿಸಿದರೆ ಐದು ಬೆರಳಿಗೆ ಐದು ರಹಸ್ಯ. ಹೆಬ್ಬೆರಳಿಗೂ ಕಿರುಬೆರಳಿಗೂ ಒಂದೇ ಉಂಗುರ ಹೊಂದದ ಕಾರಣ, ತುದಿಗಿಟ್ಟುಕೊಂಡು ತಿರುಗಿಸುವುದು ವಾಸಿ. ಅಂಚುಗಳನ್ನು ಸರಿಯಾಗಿ ಉಜ್ಜಿರದ ಉಂಗುರ ಬಟ್ಟೆಯ ಎಳೆ ಕೀಳುತ್ತದೆ.

ಮೊಬೈಲ್ ಆ್ಯಪ್‌ಗಳು ರಹಸ್ಯ ನೆನಪಿಸುವುದಕ್ಕೆ, ಒಬ್ಬರೇ ಇದ್ದಾಗ ಎದುರು ದನಿಯಾಗುವುದಕ್ಕೆ ಉಪಯೋಗ. ಮಣಿಯ ಬದಲು ಪರದೆ ಒತ್ತಿ ಎಣಿಸುವುದು ನಡೆಯುವ ಮಾತಲ್ಲ. ಎಣಿಸಲು ಪರದೆ ನೋಡಬೇಕು, ನೋಡಿದರೆ ಸಂದೇಶ ಕಾಣುತ್ತದೆ. ಮಣಿ ಇರುವುದೇ ಲೆಕ್ಕವನ್ನು ಬೆರಳಿಗೆ ವಹಿಸಿ ಮನಸ್ಸನ್ನು ಬಿಡುವು ಮಾಡಲು.

ಇನ್ನು ಬಳಕೆ. ಶಿಲುಬೆ ಹಿಡಿದು ಪ್ರೇಷಿತರ ವಿಶ್ವಾಸ ಪ್ರಮಾಣ, ಮೊದಲ ದೊಡ್ಡ ಮಣಿಗೆ ಪರಲೋಕ ಪ್ರಾರ್ಥನೆ, ಮೂರು ಸಣ್ಣವಕ್ಕೆ ವಿಶ್ವಾಸ, ಭರವಸೆ, ಪ್ರೀತಿ ಬೇಡಿ ಮೂರು ನಮೋ ಮರಿಯಾ, ನಂತರ ತ್ರಿತ್ವಸ್ತುತಿ (ಪಿತ, ಸುತ, ಪವಿತ್ರಾತ್ಮರಿಗೆ ಮಹಿಮೆ ಸಲ್ಲಿಸುವ ಕಿರುಪ್ರಾರ್ಥನೆ). ಅಲ್ಲಿಂದ ಒಂದೊಂದು ರಹಸ್ಯವನ್ನು ಹೆಸರಿಸಿ, ಒಂದು ಪರಲೋಕ, ಹತ್ತು ನಮೋ ಮರಿಯಾ, ಒಂದು ತ್ರಿತ್ವಸ್ತುತಿ. ಬಯಸಿದರೆ 1917ರ ಫಾತಿಮಾ ಪ್ರಾರ್ಥನೆ. ತ್ರಿತ್ವಸ್ತುತಿಗೆ ಮಣಿ ಇಲ್ಲ, ಹತ್ತನೇ ಮಣಿ ಬಿಟ್ಟು ಖಾಲಿ ಸರಪಳಿಯ ಮೇಲೆ ಬೆರಳಿಟ್ಟು ಹೇಳಬೇಕು. ಎಣಿಕೆ ತಪ್ಪುವುದು ಹೆಚ್ಚಾಗಿ ಇಲ್ಲೇ: ತ್ರಿತ್ವಸ್ತುತಿಯನ್ನು ದೊಡ್ಡ ಮಣಿಯ ಮೇಲೆ ಹೇಳಿ, ಪರಲೋಕ ಪ್ರಾರ್ಥನೆಯನ್ನು ಮುಂದಿನ ಸಣ್ಣ ಮಣಿಯ ಮೇಲೆ ಹೇಳಿಬಿಟ್ಟರೆ ಆ ಗುಂಪಿನಲ್ಲಿ ಉಳಿಯುವುದು ಒಂಬತ್ತೇ.

ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು, ಗುರುವಾರ ಬೆಳಕಿನವು. ಈ ಬೆಳಕಿನ ಐದನ್ನು ಪೋಪ್ ಎರಡನೇ ಜಾನ್ ಪೌಲ್ 2002ರ ಅಕ್ಟೋಬರ್ 16ರಂದು ಸೇರಿಸಿದರು. ಹಳೆಯ ಕೈಪಿಡಿ ಜೊತೆಗೆ ಬಂದರೆ ಅದರಲ್ಲಿ ಹದಿನೈದೇ ರಹಸ್ಯ ಇರುತ್ತವೆ, ಅಚ್ಚಿನ ತಪ್ಪಲ್ಲ. ಹದಿನೈದು ಗುಂಪಿನ ಉದ್ದ ಸರವೂ ಸಿಗುತ್ತದೆ. ಹದಿನೈದು ಹತ್ತರಂತೆ 150 ನಮೋ ಮರಿಯಾ, 150 ಕೀರ್ತನೆಗಳಿಗೆ ಸಮನಾಗಿ. ಸೊಂಟಕ್ಕೆ ಕಟ್ಟಿಕೊಳ್ಳುವ ಸನ್ಯಾಸಿಗಳಿಗೆ ಅದು ಸರಿ, ಜೇಬಿಗಿಳಿಸಿದರೆ ಸಿಕ್ಕು ಬಿಡಿಸುವುದೇ ಒಂದು ಕೆಲಸ.

ಐದು ರಹಸ್ಯಕ್ಕೆ ಅವಸರವಿಲ್ಲದೆ ಹದಿನೈದರಿಂದ ಇಪ್ಪತ್ತು ನಿಮಿಷ ಬೇಕು. ಹತ್ತರಲ್ಲಿ ಮುಗಿಯುತ್ತಿದ್ದರೆ ಪದದ ಕೊನೆಗಳನ್ನು ನುಂಗುತ್ತಿದ್ದೀರಿ ಎಂದೇ ಅರ್ಥ. ಪ್ರಾರಂಭಿಸುವವರು ಮೊದಲ ವಾರವೇ ಐದಕ್ಕೆ ಕೈಹಾಕಿ ಎರಡನೇ ವಾರ ಬಿಟ್ಟುಬಿಡುವುದನ್ನು ನೋಡುತ್ತಲೇ ಇರುತ್ತೇವೆ. ದಿನಕ್ಕೊಂದು ರಹಸ್ಯ, ನಾಲ್ಕು ನಿಮಿಷ, ಒಂದೇ ಹೊತ್ತಿಗೆ. ಅದು ನಿಂತ ಮೇಲೆ ಎರಡು. ಬೆಳಗ್ಗೆ ಎರಡು, ರಾತ್ರಿ ಮೂರು ಎಂದು ಒಡೆದು ಹೇಳಿದರೂ ಜಪಸರವೇ. ಪೂರ್ಣ ದಂಡವಿಮೋಚನೆ (ಕ್ಷಮೆ ಸಿಕ್ಕ ಪಾಪಕ್ಕೂ ಉಳಿದಿರುವ ದಂಡನೆಯಿಂದ ಬಿಡುಗಡೆ) ಬಯಸುವವರು ಮಾತ್ರ ಐದನ್ನೂ ಒಟ್ಟಿಗೆ, ಬಾಯಿಬಿಟ್ಟು, ರಹಸ್ಯಗಳನ್ನು ಧ್ಯಾನಿಸುತ್ತಾ ಹೇಳಬೇಕು. ಅದೂ ದೇವಾಲಯದಲ್ಲಿ, ಕುಟುಂಬದ ಜೊತೆ ಅಥವಾ ಸಂಘ-ಸಮುದಾಯದ ಜೊತೆ. ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಕ್ಕಾಗಿ ಪ್ರಾರ್ಥನೆ, ಪಾಪದ ಮೇಲಿನ ಮೋಹ ತೊರೆಯುವುದು, ಈ ಷರತ್ತುಗಳು ಹೇಗೂ ಇದ್ದೇ ಇವೆ. ಯಾವ ಸರ, ಎಷ್ಟು ಬೆಲೆಯದು ಎಂಬ ಷರತ್ತು ಮಾತ್ರ ಎಲ್ಲೂ ಇಲ್ಲ.

ಕೊಂಡ ಮೇಲೆ ಗುರುಗಳ ಬಳಿ ಒಯ್ದು ಮಂತ್ರಿಸಿಕೊಳ್ಳಿ, ಉಪಯಾಜಕರೂ ಆಶೀರ್ವದಿಸಬಹುದು. ಈ ಕ್ರಮ ಹಿಂದುಮುಂದಾಗಬಾರದು. ‘ಮಂತ್ರಿಸಿದ ಜಪಸರ’ ಎಂದು ಚೀಟಿ ಅಂಟಿಸಿ ಮಾರುವುದನ್ನು ಕಂಡರೆ ಅನುಮಾನಿಸಿ, ಏಕೆಂದರೆ ಮಂತ್ರಿಸಿದ ವಸ್ತುವಿಗೆ ಸೇರಿದ ದಂಡವಿಮೋಚನೆ ಅದನ್ನು ಮಾರಿದಾಗ ಇಲ್ಲವಾಗುತ್ತದೆ. ಆಶೀರ್ವಾದ ಪಡೆದ ವಸ್ತುವನ್ನು ಗೌರವದಿಂದ ಬಳಸಬೇಕು, ಲೌಕಿಕ ಬಳಕೆಗೆ ಇಳಿಸಬಾರದು ಎನ್ನುತ್ತದೆ ಧರ್ಮಸಭೆಯ ಕಾನೂನಿನ 1171ನೇ ವಿಧಿ. ಕಾರಿನ ಕನ್ನಡಿಗೆ ನೇತುಹಾಕುವವರಿಗೆ ಇನ್ನೊಂದು ಮಾತು: ಬಿಸಿಲಿಗೆ ನೈಲಾನ್ ಕೂಡ ಬಣ್ಣ ಕಳೆದುಕೊಂಡು ಗಡುಸಾಗಿ ಮುರಿಯುತ್ತದೆ.

ಎಷ್ಟೋ ಕಡೆ ಜಪಸರದ ಜೊತೆ ಕಾರ್ಮೆಲ್ ಮಾತೆಯ ಉತ್ತರೀಯ, ಅಂದರೆ ಕಂದು ಸ್ಕ್ಯಾಪುಲರ್ ಅನ್ನೂ ಒಂದೇ ಪೊಟ್ಟಣದಲ್ಲಿ ಕೊಡುತ್ತಾರೆ. ಅದು ಉಣ್ಣೆಯ ಎರಡು ತುಂಡುಗಳಾಗಿರಬೇಕು, ಪ್ಲಾಸ್ಟಿಕ್ ಹೊದಿಸಿದ್ದು ಬೆವರು ಹಿಡಿದಿಟ್ಟು ಚರ್ಮ ಕೆಡಿಸುತ್ತದೆ. ಮೊದಲ ಸಲ ಗುರುಗಳೇ ವಿಧಿಪೂರ್ವಕ ತೊಡಿಸಬೇಕು, ಆಮೇಲೆ ಹಳೆಯದು ಸವೆದರೆ ಹೊಸದನ್ನು ನೀವೇ ಹಾಕಿಕೊಳ್ಳಬಹುದು. ಬಟ್ಟೆ ಆಗದವರಿಗೆ ಪೋಪ್ ಹತ್ತನೇ ಪಿಯುಸ್ 1910ರಲ್ಲಿ ಪದಕಕ್ಕೆ ಅನುಮತಿ ಕೊಟ್ಟಿದ್ದಾರೆ, ಒಂದು ಬದಿಗೆ ಯೇಸುವಿನ ಪವಿತ್ರ ಹೃದಯ, ಇನ್ನೊಂದು ಬದಿಗೆ ಮಾತೆ ಇರಬೇಕು.

ತೀರಾ ಹಾಳಾದ, ಮಂತ್ರಿಸಿದ ಸರವನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ಮರ, ದಾರ ಸುಡಬಹುದು, ಲೋಹ, ಗಾಜು ಮಣ್ಣಿನಲ್ಲಿ ಹೂಳಬೇಕು. ಅದಕ್ಕೆ ಮುಂಚೆ ಶಿಲುಬೆ ಮತ್ತು ಪದಕ ಗಟ್ಟಿಯಾಗಿವೆಯೇ ನೋಡಿ. ಗಟ್ಟಿಯಿದ್ದರೆ ಅವನ್ನೇ ಹೊಸ ಹುರಿಗೆ ಕಟ್ಟಿಕೊಳ್ಳಬಹುದು. ಗಂಟಿನ ಸರ ಒಂದಕ್ಕೆ ಆರು ಮೀಟರ್ ಹುರಿ ತೆಗೆದುಕೊಳ್ಳಿ, ಮೊದಲ ಪ್ರಯತ್ನದಲ್ಲಿ ಗಂಟುಗಳು ಒಂದೇ ಅಳತೆಗೆ ಬರುವುದಿಲ್ಲ, ಸ್ವಲ್ಪ ಹುರಿ ದಂಡವಾಗುತ್ತದೆ.